ಕಸಿ ಕೈಯ ದದ್ದು ಅಂಗೈಗೆ ಏಕೆ ಬರಲಿಲ್ಲ?

ಪ್ರಶ್ನೆ: ನನ್ನ ತಮ್ಮನಿಗೆ ಎರಡೂ ಕೈಗಳನ್ನು ಮೊಣಕೈಯ ಕೆಳಗಿನಿಂದ ಕಸಿ ಮಾಡಿ 14 ತಿಂಗಳಾಯಿತು. ಐದನೇ ತಿಂಗಳಲ್ಲಿ ಮುಂಗೈ ಮತ್ತು ಹಸ್ತದ ಹಿಂಬದಿಯಲ್ಲಿ ಕೆಂಪು ಗಂಧೆಗಳೆದ್ದವು. ಅಂಗೈ ಮಾತ್ರ ಸ್ವಚ್ಛವಾಗಿತ್ತು. ಮುಂಗೈಯಿಂದ ಚರ್ಮದ ತುಣುಕು ತೆಗೆದು ನೋಡಿದ ವೈದ್ಯರು ಇದು ತಿರಸ್ಕಾರ, ಅಂದರೆ ದೇಹ ಕಸಿ ಕೈಯನ್ನು ಪರಕೀಯವೆಂದು ಎದುರಿಸುತ್ತಿದೆ ಎಂದು ಹೇಳಿ ಮೂರು ದಿನ ಇಂಜೆಕ್ಷನ್ ಕೊಟ್ಟರು, ವಾಸಿಯಾಯಿತು. ಈಗ ಎರಡು ತಿಂಗಳಿಂದ ಅವನು ಪೀಣ್ಯದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬರುತ್ತಿದ್ದಾನೆ. ಬಲ ಅಂಗೈ ಒಣಗಿ ಸಿಪ್ಪೆ ಏಳುತ್ತಿದೆ, ಎರಡು ಉಗುರುಗಳು ಒರಟಾಗಿವೆ. ಮುಂಗೈಯಲ್ಲಿ ಏನೂ ಇಲ್ಲ. ಔಷಧದ ಅಂಗಡಿಯವರು ಒಂದು ಮುಲಾಮು ಕೊಟ್ಟಿದ್ದಾರೆ. ಹೋದ ಸಲ ಅಂಗೈಗೆ ಏನೂ ಆಗಿರಲಿಲ್ಲವಾದ್ದರಿಂದ ಇದು ತಿರಸ್ಕಾರವಲ್ಲ ಎಂದುಕೊಳ್ಳಬಹುದೇ? ಒಂದೇ ಕೈಯ ಚರ್ಮ ಒಂದೊಂದು ಕಡೆ ಒಂದೊಂದು ರೀತಿ ವರ್ತಿಸುವುದೇಕೆ?
– ರಾಜಾಜಿನಗರದ ಓದುಗರು, ಬೆಂಗಳೂರು

ಉತ್ತರ: ಹಾಗೆಂದುಕೊಳ್ಳಬೇಡಿ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಕಸಿ ಮಾಡಿದ ತಂಡಕ್ಕೆ ಕರೆ ಮಾಡಿ. ಅಂಗೈ ಮತ್ತು ಉಗುರುಗಳ ಚಿತ್ರ ಕಳುಹಿಸಿ, ಅವರು ಕರೆದ ಕೂಡಲೇ ಹೊರಡಿ. ಅಂಗಡಿಯ ಮುಲಾಮನ್ನು ಹಚ್ಚಬೇಡಿ. ಮಾತ್ರೆಗಳ ಪ್ರಮಾಣವನ್ನು ನೀವಾಗಿ ಏರಿಸುವುದೂ ಬೇಡ, ಇಳಿಸುವುದೂ ಬೇಡ. ಉಳಿದದ್ದನ್ನು ಆ ಕರೆ ಮುಗಿದ ಮೇಲೆ ಓದಿದರಾಯಿತು.

ನಿಮ್ಮ ತಮ್ಮನ ಕೈಯನ್ನು ನಾನು ನೋಡಿಲ್ಲ. ಅದು ತಿರಸ್ಕಾರವೇ ಎಂದು ಇಲ್ಲಿ ಕುಳಿತು ಹೇಳುವಂತಿಲ್ಲ. ಆದರೆ ಹೋದ ಸಲ ಅಂಗೈ ಉಳಿದಿತ್ತು ಎಂಬುದರಿಂದ ಈ ಸಲದ ಅಂಗೈಯ ತೊಂದರೆ ಬೇರೆಯದು ಎಂದು ತೀರ್ಮಾನಿಸುವುದು ತಪ್ಪು. ಏಕೆ ತಪ್ಪು ಎಂಬುದು ನಿಮ್ಮ ಎರಡನೆಯ ಪ್ರಶ್ನೆಯೊಳಗೇ ಇದೆ. ಮುಂಗೈಯ ಚರ್ಮವೂ ಅಂಗೈಯ ಚರ್ಮವೂ ಒಂದೇ ದಾನಿಯಿಂದ ಬಂದಿವೆ, ಒಂದೇ ರಕ್ತ ಕುಡಿಯುತ್ತಿವೆ. ಆದರೂ ಅವುಗಳ ರಚನೆ ಬೇರೆ, ದಿನನಿತ್ಯದ ಬಾಳು ಬೇರೆ. ಆದ್ದರಿಂದ ಅವು ಕಾಯಿಲೆ ಬೀಳುವ ಬಗೆಯೂ ಬೇರೆ.

ಮೊದಲು ಚರ್ಮದ ಬಗ್ಗೆ ಸ್ವಲ್ಪ ಹೇಳಬೇಕು. ಕಸಿಗೆ ಅತ್ಯಂತ ಕಷ್ಟ ಕೊಡುವ ಅಂಗಾಂಶ ಇದು. ತಿರಸ್ಕಾರದ ವಿಜ್ಞಾನ ಶುರುವಾದದ್ದೂ ಚರ್ಮದಿಂದಲೇ. 1943ರಲ್ಲಿ ಗ್ಲ್ಯಾಸ್ಗೋದಲ್ಲಿ ಸುಟ್ಟಗಾಯದ ಮಹಿಳೆಯೊಬ್ಬರಿಗೆ ಅವರ ಸಹೋದರನ ಚರ್ಮದ ಚಿಕ್ಕ ಚಿಕ್ಕ ತುಣುಕುಗಳನ್ನು ಅಂಟಿಸಲಾಯಿತು. ಅವು ಕೆಲವು ದಿನ ಬದುಕಿ ನಾಶವಾದವು. ಅದೇ ಸಹೋದರನಿಂದ ಎರಡನೆಯ ಕಂತಿನಲ್ಲಿ ಹಾಕಿದ ತುಣುಕುಗಳು ಇನ್ನೂ ಬೇಗ ನಾಶವಾದವು. ದೇಹ ಪರಕೀಯ ಚರ್ಮವನ್ನು ಗುರುತಿಸುತ್ತದೆ, ಗುರುತಿಸಿದ್ದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ ಎಂದು ಪೀಟರ್ ಮೆಡವಾರ್ ಮತ್ತು ಥಾಮಸ್ ಗಿಬ್ಸನ್ ಕಂಡುಕೊಂಡದ್ದು ಹೀಗೆ. 1954ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್‍ರೆ ಅವಳಿಗಳ ನಡುವೆ ಮೂತ್ರಪಿಂಡ ಕಸಿ ಮಾಡುವ ಮುನ್ನ, ಅವರು ನಿಜಕ್ಕೂ ತದ್ರೂಪಿಗಳೇ ಎಂದು ಖಚಿತಪಡಿಸಿಕೊಳ್ಳಲು ಒಬ್ಬರ ಚರ್ಮದ ತುಣುಕನ್ನು ಇನ್ನೊಬ್ಬರಿಗೆ ಅಂಟಿಸಿ ನೋಡಿದರು. ಅಷ್ಟು ಕಟ್ಟುನಿಟ್ಟಿನ ಪರೀಕ್ಷಕ ಈ ಚರ್ಮ!

ನಮ್ಮೂರಿನದೇ ಉದಾಹರಣೆ ಬೇಕೆಂದರೆ ವಿಕ್ಟೋರಿಯಾ ಆಸ್ಪತ್ರೆಯ ಚರ್ಮ ಬ್ಯಾಂಕ್ ಇದೆ. ದಾನಿಗಳಿಂದ ಪಡೆದ ಚರ್ಮವನ್ನು ಅಲ್ಲಿ ಸಂಸ್ಕರಿಸಿ ಇಟ್ಟು ಸುಟ್ಟಗಾಯದ ರೋಗಿಗಳಿಗೆ ಹೊದಿಸುತ್ತಾರೆ. ಜೀವ ಉಳಿಸುವ ಕೆಲಸ ಅದು. ಆದರೆ ಆ ಹೊದಿಕೆ ತಾತ್ಕಾಲಿಕ. ಕೆಲವು ವಾರಗಳಲ್ಲಿ ದೇಹ ಅದನ್ನು ಕಳಚಿಹಾಕುತ್ತದೆ, ಅಷ್ಟರೊಳಗೆ ಕೆಳಗಿನ ಗಾಯ ಸುಧಾರಿಸಿರುತ್ತದೆ. ಅಂಥ ಚರ್ಮವನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕು ಎನ್ನುವುದೇ ಕೈ ಕಸಿಯ ದೊಡ್ಡ ಸವಾಲು. 1964ರಲ್ಲಿ ಈಕ್ವೆಡಾರ್‌ನಲ್ಲಿ ಜೋಡಿಸಿದ ಕೈ ಕೆಲವೇ ವಾರಗಳಲ್ಲಿ ತಿರಸ್ಕೃತವಾಯಿತು. ಆಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಈ ಹಾದಿ ಬಹುಮಟ್ಟಿಗೆ ಮುಚ್ಚಿಯೇ ಇತ್ತು. 1998ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ, ಮರುವರ್ಷ ಜನವರಿಯಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ನಡೆದ ಕಸಿಗಳು ಹೊಸ ಔಷಧಗಳ ಬಲದಿಂದ ಅದನ್ನು ತೆರೆದವು. ಭಾರತದ ಮೊದಲ ಕೈ ಕಸಿ 2015ರ ಜನವರಿಯಲ್ಲಿ ಕೊಚ್ಚಿಯಲ್ಲಿ ಆಯಿತು. ಈಗಲೂ, ಔಷಧಗಳನ್ನು ತಪ್ಪದೆ ಸೇವಿಸಿದರೂ, ಕೈ ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 85ರಷ್ಟು ಮಂದಿ ಮೊದಲ ವರ್ಷದಲ್ಲಿ ಒಮ್ಮೆಯಾದರೂ ತೀವ್ರ ತಿರಸ್ಕಾರವನ್ನು ಎದುರಿಸುತ್ತಾರೆ ಎಂದು ಇಂಥ ಕಸಿಗಳ ಅಂತಾರಾಷ್ಟ್ರೀಯ ನೋಂದಣಿ ದಾಖಲೆ ಹೇಳುತ್ತದೆ. ಹಾಗಾಗಿ ಐದನೇ ತಿಂಗಳಿನಲ್ಲಿ ನಡೆದದ್ದಕ್ಕೆ ನಿಮ್ಮ ತಮ್ಮನನ್ನಾಗಲಿ ನಿಮ್ಮ ಆರೈಕೆಯನ್ನಾಗಲಿ ದೂರಿಕೊಳ್ಳಬೇಡಿ. ಬೇಗ ಗುರುತಿಸಿದರೆ ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮಣಿಯುತ್ತವೆ, ನಿಮ್ಮ ಮನೆಯಲ್ಲೇ ಅದನ್ನು ನೋಡಿದ್ದೀರಿ.

ಈಗ ಮುಂಗೈಗೆ ಬರೋಣ. ತಿರಸ್ಕಾರ ಶುರುವಾಗುವುದು ಚರ್ಮದ ಮೇಲ್ಪದರದಲ್ಲಿ ಅಲ್ಲ. ಒಳಚರ್ಮದ ಸಣ್ಣ ರಕ್ತನಾಳಗಳ ಸುತ್ತ ರೋಗಿಯ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳು ಗುಂಪುಗೂಡುತ್ತವೆ. ಆಗ ಹೊರಗೆ ಏನೂ ಕಾಣದೆಯೂ ಇರಬಹುದು. ಗುಂಪು ದಟ್ಟವಾದಂತೆ ಅದು ಮೇಲೇರಿ ಹೊರಚರ್ಮವನ್ನು, ರೋಮಕೂಪಗಳನ್ನು, ಬೆವರುಗ್ರಂಥಿಗಳನ್ನು ತಲುಪುತ್ತದೆ. ಗಂಧೆ, ಕೆಂಪು, ಊತ ಕಾಣಿಸುವುದು ಆಗ. ಕೊನೆಗೆ ಹೊರಚರ್ಮದ ಕೋಶಗಳೇ ಸಾಯತೊಡಗುತ್ತವೆ. 2007ರಲ್ಲಿ ತಜ್ಞರು ಸೇರಿ ರೂಪಿಸಿದ ಬ್ಯಾನ್ಫ್ ವರ್ಗೀಕರಣ ಈ ಮೆಟ್ಟಿಲುಗಳನ್ನೇ 0ಯಿಂದ 4ರವರೆಗೆ ಎಣಿಸುತ್ತದೆ. ನಿಮ್ಮ ತಮ್ಮನ ಹಳೆಯ ವರದಿಯಲ್ಲಿ ಬ್ಯಾನ್ಫ್ ಎಂಬ ಪದದ ಪಕ್ಕ ಒಂದು ಅಂಕಿ ಇರುತ್ತದೆ, ಹುಡುಕಿ ನೋಡಿ.

ಸಾಮಾನ್ಯ ತಿರಸ್ಕಾರದಲ್ಲಿ ಮೊದಲು ಕೆಂಪಾಗುವುದು ಮುಂಗೈ, ಮಣಿಕಟ್ಟು ಮತ್ತು ಹಸ್ತದ ಹಿಂಬದಿ. ಅಂಗೈ ಬಹುತೇಕ ಉಳಿದುಕೊಳ್ಳುತ್ತದೆ. ಕೈ ಕಸಿಯ ಆರಂಭದ ವರ್ಷಗಳಿಂದಲೂ ವೈದ್ಯರು ಇದನ್ನು ಕಂಡಿದ್ದಾರೆ. ಕಾರಣವನ್ನು ಒಂದೇ ಮಾತಿನಲ್ಲಿ ಹೇಳಲಾಗದು, ಆದರೆ ಎರಡು ಚರ್ಮಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮುಂಗೈಯಲ್ಲಿ ರೋಮಕೂಪಗಳಿವೆ, ಅಂಗೈಯಲ್ಲಿ ಒಂದೂ ಇಲ್ಲ. ರೋಮಕೂಪದ ಸುತ್ತ ರೋಗನಿರೋಧಕ ಕೋಶಗಳು ನೆಲೆಯೂರಿರುತ್ತವೆ. ತಿರಸ್ಕಾರದ ದಾಳಿಗೆ ಅದು ಸುಲಭವಾದ ಗುರಿ. ಅಂಗೈಯ ಹೊರಚರ್ಮದ ಮೇಲೆ ಸತ್ತ ಕೋಶಗಳ ಪದರ ಬಲು ದಪ್ಪ. ಕೆಳಗೆ ನಡೆಯುವುದೆಲ್ಲ ಮೇಲೆ ಕೆಂಪಾಗಿ ಕಾಣದಿರುವುದಕ್ಕೆ ಅದೂ ಒಂದು ಕಾರಣ. ಅಂದರೆ ‘ಅಂಗೈ ಸ್ವಚ್ಛವಾಗಿತ್ತು’ ಎನ್ನುವಾಗ ‘ಸ್ವಚ್ಛವಾಗಿ ಕಾಣುತ್ತಿತ್ತು’ ಎಂದಷ್ಟೇ ಅರ್ಥ ಮಾಡಿಕೊಳ್ಳಬೇಕು.

ಮೂರನೆಯ ವ್ಯತ್ಯಾಸ ನನಗೆ ಅತ್ಯಂತ ಕುತೂಹಲದ್ದು. ಹೊರಚರ್ಮದಲ್ಲಿ ಲ್ಯಾಂಗರ್‌ಹ್ಯಾನ್ಸ್ ಕೋಶಗಳೆಂಬ ಕೊಂಬೆಗಳಿರುವ ಕೋಶಗಳಿವೆ. ಪರಕೀಯ ವಸ್ತುವನ್ನು ಹಿಡಿದು ರೋಗನಿರೋಧಕ ವ್ಯವಸ್ಥೆಗೆ ತೋರಿಸುವುದು ಇವುಗಳ ಕೆಲಸ. ಅಂಗೈ ಮತ್ತು ಅಂಗಾಲುಗಳಲ್ಲಿ ಇವುಗಳ ಸಾಂದ್ರತೆ ಬೇರೆಡೆಗಿಂತ ಕಡಿಮೆ. ಕಸಿ ಕೈಯಲ್ಲಿ ಇರುವುದು ದಾನಿಯ ಲ್ಯಾಂಗರ್‌ಹ್ಯಾನ್ಸ್ ಕೋಶಗಳು. ಅವು ಬೇಗನೆ ಅಳಿದು ರೋಗಿಯ ಕೋಶಗಳಿಗೆ ಜಾಗ ಬಿಡಬಹುದೆಂದು ಊಹಿಸಬಹುದಿತ್ತು. ಆದರೆ ವರ್ಷಗಳ ನಂತರ ಪರೀಕ್ಷಿಸಿದಾಗಲೂ ಅಲ್ಲಿ ದಾನಿಯ ಕೋಶಗಳೇ ತಮ್ಮನ್ನು ತಾವು ನವೀಕರಿಸಿಕೊಳ್ಳುತ್ತ ಬದುಕಿದ್ದವು ಎಂದು ಲಿಯಾನ್‌ನ ತಜ್ಞರು ತೋರಿಸಿದರು. ಇನ್ನೊಬ್ಬರ ಕೈಯನ್ನು ಧರಿಸಿದ ಮನುಷ್ಯನ ಚರ್ಮದಲ್ಲಿ ಅಗಲಿದ ವ್ಯಕ್ತಿಯ ಕೋಶಗಳು ಹೀಗೆ ಉಳಿದಿರುತ್ತವೆ ಎಂಬುದನ್ನು ಓದಿದ ದಿನ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಹಾಗಾದರೆ ಅಂಗೈ ಸುರಕ್ಷಿತವೇ? ಅಲ್ಲ. ಆಸ್ಟ್ರಿಯದ ಇನ್ಸ್‌ಬ್ರುಕ್, ಅಮೆರಿಕದ ಲೂಯಿವಿಲ್ ಮೊದಲಾದ ಕೇಂದ್ರಗಳ ತಜ್ಞರು 2008ರಲ್ಲಿ ಒಂದು ಬೇರೆ ಬಗೆಯ ತಿರಸ್ಕಾರವನ್ನು ವರದಿ ಮಾಡಿದರು. ಇದರಲ್ಲಿ ಎಲ್ಲವೂ ತಿರುಗುಮುರುಗು. ಅಂಗೈ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಕೆಂಪು ಗುಳ್ಳೆಗಳಾಗುತ್ತವೆ, ಚರ್ಮ ದಪ್ಪಗಟ್ಟುತ್ತದೆ. ಉಗುರುಗಳು ಒರಟಾಗಿ, ವಿರೂಪಗೊಂಡು, ಕೆಲವೊಮ್ಮೆ ಬಿದ್ದೇ ಹೋಗುತ್ತವೆ. ಅಂಗೈಗೆ ಮತ್ತೆ ಮತ್ತೆ ಉಜ್ಜಾಟ, ಒತ್ತಡ ಬೀಳುತ್ತಿದ್ದವರಲ್ಲಿ ಇದು ಕಾಣಿಸಿತ್ತು. ನಿಮ್ಮ ಪತ್ರದಲ್ಲಿ ಸಿಪ್ಪೆ, ಉಗುರು, ಪ್ಯಾಕಿಂಗ್ ಕೆಲಸ, ಎರಡು ತಿಂಗಳು ಎಂಬ ಪದಗಳನ್ನು ಒಟ್ಟಿಗೆ ಓದಿದ ತಕ್ಷಣ ನನಗೆ ನೆನಪಾದದ್ದು ಈ ವರದಿ. ಅದಕ್ಕೇ ಮೊದಲ ಸಾಲಿನಲ್ಲೇ ಅಷ್ಟು ಗಟ್ಟಿಯಾಗಿ ಹೇಳಿದೆ.

ಉಜ್ಜಾಟಕ್ಕೂ ತಿರಸ್ಕಾರಕ್ಕೂ ಏನು ನಂಟು? ಗಾಯಗೊಂಡ ಚರ್ಮ ಉರಿಯೂತದ ಸಂಕೇತಗಳನ್ನು ಹೊರಸೂಸುತ್ತದೆ, ಅವು ಬಿಳಿರಕ್ತಕಣಗಳನ್ನು ಅಲ್ಲಿಗೆ ಕರೆಯುತ್ತವೆ. ನಮ್ಮ ನಿಮ್ಮ ಕೈಯಲ್ಲಾದರೆ ಅವು ರಿಪೇರಿ ಮಾಡಿ ಹಿಂತಿರುಗುತ್ತವೆ. ಕಸಿ ಕೈಯಲ್ಲಿ ಅವು ಬಂದು ನೋಡುವುದು ಪರಕೀಯ ಕೋಶಗಳನ್ನು. ಇದರ ಜೊತೆಗೆ ಇನ್ನೊಂದು ಸಂಕಟವಿದೆ. ಕತ್ತರಿಸಿ ಜೋಡಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಮುಂಗೈಯಿಂದ ಬೆರಳ ತುದಿ ಮುಟ್ಟಲು ಹಲವು ತಿಂಗಳು ಬೇಕು, ಮುಟ್ಟಿದ ಮೇಲೂ ಸಂವೇದನೆ ಪೂರ್ತಿ ಪಕ್ವವಾಗಿರುವುದಿಲ್ಲ. ನಮಗೆ ಅಂಗೈ ಉರಿಯಿತೆಂದರೆ ಹಿಡಿತ ಬದಲಿಸುತ್ತೇವೆ. ನಿಮ್ಮ ತಮ್ಮನಿಗೆ ಆ ಎಚ್ಚರಿಕೆ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಪಟ್ಟಿ, ಟೇಪ್ ಬಂದೂಕು ಅವನ ಬಲ ಅಂಗೈಯನ್ನು ದಿನವಿಡೀ ಸವೆಸುತ್ತಿದ್ದರೂ ಅವನಿಗೆ ತಿಳಿಯದೆ ಹೋಗಬಹುದು. ಅವನಿಗೆ ಕೆಲಸ ಸಿಕ್ಕಿದ್ದು ನನಗೆ ಸಂತೋಷ. ಕೈಯಿರುವುದು ದುಡಿಯುವುದಕ್ಕೇ. ಆದರೆ ಅಂಗೈಯ ತೀರ್ಮಾನವಾಗುವವರೆಗೆ ಅವನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿ.

ಉಗುರು ಹಳೆಯ ಸುದ್ದಿಯನ್ನೂ ಹೇಳುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಒರಟುತನ ಬುಡದಲ್ಲಿದೆಯೇ ತುದಿಯಲ್ಲಿದೆಯೇ ಎಂದು ಅಳೆದರೆ ಪೆಟ್ಟು ಬಿದ್ದ ಕಾಲವನ್ನು ಅಂದಾಜು ಮಾಡಬಹುದು. ಬುಡದಿಂದ ಎಷ್ಟು ದೂರ ಎಂದು ಗೆರೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ.

ಹಲವು ಕೇಂದ್ರಗಳು ಕಸಿಯ ವೇಳೆ ದಾನಿಯ ಚರ್ಮದ ಒಂದು ಸಣ್ಣ ತುಂಡನ್ನು ರೋಗಿಯ ಬೇರೆ ಭಾಗದಲ್ಲಿ ಕೂರಿಸುತ್ತವೆ. ಕೈಯಿಂದ ಪದೇ ಪದೇ ಬಯಾಪ್ಸಿ (ಪರೀಕ್ಷೆಗೆ ಚರ್ಮದ ತುಣುಕು) ತೆಗೆಯದೆ ಆ ಕಾವಲು ತುಂಡಿನಿಂದ ತೆಗೆಯಬಹುದು ಎಂಬುದು ಉದ್ದೇಶ. 2005ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ಜಗತ್ತಿನ ಮೊದಲ ಮುಖ ಕಸಿಯಲ್ಲೂ ಹೀಗೆ ಮಾಡಿದ್ದರು. ಉಪಯುಕ್ತ ಉಪಾಯವೇ. ಆದರೆ ಕಾವಲು ತುಂಡು ಮತ್ತು ಮುಖ್ಯ ಕಸಿ ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ. ಮುಖ ಕಸಿಯಲ್ಲಿ ಬಾಯೊಳಗಿನ ಲೋಳೆಪೊರೆ ಹೊರಗಿನ ಚರ್ಮಕ್ಕಿಂತ ಹೆಚ್ಚು ಉರಿಯೂತ ತೋರಿಸಿದ ಪ್ರಸಂಗಗಳು ದಾಖಲಾಗಿವೆ. ಇನ್ನೂ ಗಂಭೀರವಾದದ್ದು ಲೂಯಿವಿಲ್‌ನ ಒಂದು ಅನುಭವ. ಅಲ್ಲಿ ಒಬ್ಬ ರೋಗಿ ಸುಮಾರು ಒಂಬತ್ತು ತಿಂಗಳಿಗೆ ಕಸಿ ಕೈಯನ್ನು ಕಳೆದುಕೊಂಡರು. ರಕ್ತನಾಳಗಳ ಒಳಗೋಡೆ ದಪ್ಪಗಟ್ಟಿ ರಕ್ತ ಹರಿಯದಂತಾಗಿತ್ತು. ಚರ್ಮವನ್ನಷ್ಟೇ ನೋಡುತ್ತಿದ್ದರೆ ಆ ಅಪಾಯ ಅಷ್ಟು ಸ್ಪಷ್ಟವಾಗಿ ಗೋಚರಿಸುತ್ತಿರಲಿಲ್ಲ. ನಿಮ್ಮ ತಮ್ಮನ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ ಎಷ್ಟು ಕಾಲವಾಯಿತು ಎಂದು ತಂಡವನ್ನು ಕೇಳಿ. ಬೆರಳುಗಳು ತಣ್ಣಗಾದರೆ, ಬಣ್ಣ ಬದಲಾದರೆ ಅದು ಅಂದೇ ಹೇಳಬೇಕಾದ ವಿಷಯ.

ಅಂಗೈಯಿಂದ ಬಯಾಪ್ಸಿ ಏಕೆ ತೆಗೆಯುವುದಿಲ್ಲ ಎಂಬ ಅನುಮಾನ ಬರಬಹುದು. ಮುಂಗೈಯಿಂದ 4 ಮಿಲಿಮೀಟರ್ ಅಗಲದ ತುಣುಕು ತೆಗೆಯುವುದು ಸುಲಭ, ಬೇಗ ಮಾಯುತ್ತದೆ. ಅಂಗೈಯ ಚರ್ಮ ಬಿಗಿ, ಕೆಳಗೆ ಬೆರಳಿಗೆ ಹೋಗುವ ನರಗಳಿವೆ, ಹಿಡಿಯುವ ಜಾಗದಲ್ಲಿ ಗಾಯ ಉಳಿದರೆ ತೊಂದರೆ. ಅದಕ್ಕೆ ವೈದ್ಯರು ಹಿಂಜರಿಯುತ್ತಾರೆ. ಆದರೆ ತಿರಸ್ಕಾರ ತೇಪೆ ತೇಪೆಯಾಗಿ ಬರುವಂಥದ್ದು. ಕೆಟ್ಟಿರುವುದು ಅಂಗೈಯಾಗಿದ್ದು ತುಣುಕು ತೆಗೆದದ್ದು ಸ್ವಸ್ಥ ಮುಂಗೈಯಿಂದಾದರೆ, ‘ಏನೂ ಇಲ್ಲ’ ಎಂಬ ವರದಿಗೆ ಹೆಚ್ಚು ಬೆಲೆಯಿಲ್ಲ. ತಂಡ ಮುಂಗೈ ತುಣುಕಿನಲ್ಲೇ ನಿಲ್ಲಿಸಿದರೆ ‘ಅಂಗೈಯ ಅಂಚಿನಿಂದಲೂ ಒಂದು ತೆಗೆಯಬಹುದೇ?’ ಎಂದು ಸಂಕೋಚವಿಲ್ಲದೆ ಕೇಳಿ. ಕಿರುಬೆರಳ ಬದಿಯ ಉಬ್ಬಿನಂಥ ಕಡೆ ಅದು ಸಾಧ್ಯ. ಅಂಗೈಯ ಹೊಲಿಗೆಯನ್ನು ಸಾಮಾನ್ಯವಾಗಿ ಎರಡು ವಾರದವರೆಗೆ ಇಡುತ್ತಾರೆ.

ಇನ್ನು ತಿರಸ್ಕಾರದಂತೆಯೇ ಕಾಣುವ ವೇಷಧಾರಿಗಳ ವಿಷಯ. ಬೆಂಗಳೂರಿನಲ್ಲಿ ಕೈಯ ಚರ್ಮ ಕೆಡಲು ಬೇಕಾದಷ್ಟು ಕಾರಣಗಳಿವೆ. ವರ್ಕ್‌ಶಾಪಿನ ಕಟಿಂಗ್ ಎಣ್ಣೆ, ಗ್ರೀಸ್ ತೆಗೆಯುವ ದ್ರಾವಣ, ಅಂಟು, ರಬ್ಬರ್ ಕೈಗವಸು ಇವೆಲ್ಲ ಅಂಗೈಯಲ್ಲಿ ಇದೇ ಬಗೆಯ ಸಿಪ್ಪೆ ಏಳಿಸಬಲ್ಲವು. ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಅಲರ್ಜಿ ಮುಖ, ಕತ್ತು, ಮೊಣಕೈ ಮಡಿಕೆಗಳ ಜೊತೆ ಮುಂಗೈಯನ್ನೂ ಹಿಡಿಯುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದವರಲ್ಲಿ ಶಿಲೀಂಧ್ರ ಅಂಗೈ ಮತ್ತು ಉಗುರನ್ನು ಒಟ್ಟಿಗೇ ಹಿಡಿಯುವುದು ಸಾಮಾನ್ಯ, ಅದರಲ್ಲೂ ಒಂದೇ ಕೈಯಲ್ಲಿ. ನಿಮ್ಮ ತಮ್ಮನಿಗೆ ಆಗಿರುವುದು ಅದೇ ಆಗಿರಲೂಬಹುದು, ಹಾಗೇ ಆಗಲೆಂದು ನನ್ನ ಆಸೆ. ಸಿಪ್ಪೆಯನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಇಟ್ಟು ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು. ಬಯಾಪ್ಸಿಯ ದಿನವೇ ಅದನ್ನೂ ಮಾಡಿಸಿ.

ಮನೆಯಲ್ಲಿ ನೀವೇ ನೋಡಬಹುದಾದ ಒಂದು ಸುಳಿವಿದೆ. ತಿರಸ್ಕಾರದ ಗುರಿ ದಾನಿಯ ಕೋಶಗಳು. ಆದ್ದರಿಂದ ಅದರ ದದ್ದು ಹೊಲಿಗೆಯ ಗೆರೆಯಲ್ಲಿ ನಿಲ್ಲುತ್ತದೆ, ನಿಮ್ಮ ತಮ್ಮನ ಸ್ವಂತ ಚರ್ಮಕ್ಕೆ ದಾಟುವುದಿಲ್ಲ. ಅಲರ್ಜಿಗೂ ಶಿಲೀಂಧ್ರಕ್ಕೂ ಆ ಗೆರೆಯ ಹಂಗಿಲ್ಲ. ದದ್ದು ಗೆರೆ ದಾಟಿ ಸ್ವಂತ ತೋಳಿಗೂ ಹೋಗಿದ್ದರೆ ಬೇರೆ ಕಾಯಿಲೆಯ ಸಾಧ್ಯತೆ ಹೆಚ್ಚು. ಆದರೆ ಅಂಗೈಯಷ್ಟೇ ಕೆಟ್ಟಿರುವಾಗ ಗೆರೆ ಬಹಳ ದೂರದಲ್ಲಿರುತ್ತದೆ, ಈ ಸುಳಿವು ಕೈಕೊಡುತ್ತದೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಕೆಂಪಾಗಿ ಕಾಣುವುದೂ ಇಲ್ಲ. ನೇರಳೆಯಾಗಿ, ಕಪ್ಪಾಗಿ, ಕೆಲವೊಮ್ಮೆ ಬರೀ ಊದಿದಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಬೆಳಗಿನ ಬಿಸಿಲು ಬೀಳುವ ಕಿಟಕಿಯ ಬಳಿ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು, ಹಿಂಬದಿ, ಅಂಗೈ, ಉಗುರು, ಹೊಲಿಗೆಯ ಗೆರೆ ಹೀಗೆ ಒಂದೇ ಕ್ರಮದಲ್ಲಿ ಪ್ರತಿ ಭಾನುವಾರ ಚಿತ್ರ ತೆಗೆದಿಡಿ. ಮದುವೆಮನೆಯಲ್ಲಿ ಯಾರೂ ಆ ಕೈಗೆ ಮೆಹಂದಿ ಹಚ್ಚದಂತೆ ನೋಡಿಕೊಳ್ಳಿ. ಬಣ್ಣ ದದ್ದನ್ನು ಮುಚ್ಚುತ್ತದೆ, ಕಪ್ಪು ಮೆಹಂದಿಯ ರಾಸಾಯನಿಕ ಹೊಸ ಅಲರ್ಜಿಯನ್ನೇ ತರುತ್ತದೆ.

ಅಂಗಡಿಯ ಮುಲಾಮಿನ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಬೆರೆಸಿದ ಟ್ಯೂಬುಗಳು ಚೀಟಿಯಿಲ್ಲದೆ ಮಾರಾಟವಾಗುತ್ತವೆ. ಅವುಗಳಿಂದ ಗಜಕರ್ಣ ಮೈಯೆಲ್ಲ ಹರಡಿಕೊಂಡವರನ್ನು ನಾನು ಪ್ರತಿ ವಾರ ನೋಡುತ್ತೇನೆ. ಕಸಿ ಕೈಗೆ ಅದು ಎರಡು ಬಗೆಯಲ್ಲಿ ಕೆಡುಕು. ತಿರಸ್ಕಾರವಾಗಿದ್ದರೆ ಮೇಲಿನ ಚಿಹ್ನೆಯನ್ನು ಅಳಿಸಿ ಬಯಾಪ್ಸಿಯನ್ನೂ ಗೊಂದಲಗೊಳಿಸುತ್ತದೆ, ಶಿಲೀಂಧ್ರವಾಗಿದ್ದರೆ ಅದಕ್ಕೆ ಗೊಬ್ಬರ ಹಾಕುತ್ತದೆ. ಚರ್ಮದ ತಿರಸ್ಕಾರಕ್ಕೆ ಸ್ಟೀರಾಯ್ಡ್ ಮುಲಾಮನ್ನು ಅಥವಾ ತಿರಸ್ಕಾರ ತಡೆಯಲು ಮಾತ್ರೆಯಾಗಿಯೂ ಕೊಡುವ ಟ್ಯಾಕ್ರೊಲಿಮಸ್ ಔಷಧದ ಮುಲಾಮನ್ನು ವೈದ್ಯರೂ ಬಳಸುತ್ತಾರೆ ನಿಜ. ಅದು ರೋಗ ಯಾವುದೆಂದು ತಿಳಿದ ನಂತರದ ಮಾತು. ಈಗಾಗಲೇ ಹಚ್ಚಿದ್ದರೆ ಮುಚ್ಚಿಡದೆ, ಟ್ಯೂಬನ್ನೇ ಜೊತೆಗೆ ಒಯ್ದು ತೋರಿಸಿ.

ಶಿಲೀಂಧ್ರವೆಂದೇ ತೀರ್ಮಾನವಾದರೂ ಮಾತ್ರೆಯನ್ನು ಬೇರೆ ಕಡೆಯಿಂದ ತರಬೇಡಿ. ಇಟ್ರಕೊನಜೋಲ್, ಫ್ಲುಕೊನಜೋಲ್ ಮಾತ್ರೆಗಳು ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿ ತಿರಸ್ಕಾರಕ್ಕೆ ಬಾಗಿಲು ತೆಗೆಯುತ್ತದೆ. ಕೊಡಲೇಬೇಕಾದಾಗ ರಕ್ತಪರೀಕ್ಷೆ ಮಾಡುತ್ತ ಪ್ರಮಾಣ ಹೊಂದಿಸುವುದು ಕಸಿ ತಂಡದ ಕೆಲಸ. ಹಣ್ಣಿನಲ್ಲೂ ಒಂದನ್ನು ದೂರವಿಡಬೇಕು, ಅದು ನಮ್ಮ ಪಕ್ಕದೂರಿನದೇ. ದೇವನಹಳ್ಳಿಯ ಚಕ್ಕೋತ, ದೇಹ ಟ್ಯಾಕ್ರೊಲಿಮಸ್ ಅನ್ನು ಒಡೆದುಹಾಕುವುದನ್ನು ತಡೆಯುವ ಗುಂಪಿನ ಹಣ್ಣು. ಹಬ್ಬಕ್ಕೆ ಯಾರಾದರೂ ತಂದುಕೊಟ್ಟರೆ ನೀವೆಲ್ಲ ತಿನ್ನಿ, ಅವನಿಗೆ ಬಾಳೆಹಣ್ಣು ಕೊಡಿ.